ಎಂಟು ಸೆಕೆಂಡು ಸುಮ್ಮನಿರಿ

ನಾವು ಸಾಫ್ಟ್‌ವೇರ್ ಮಂದಿ ಯಾವುದನ್ನೂ ಅದು ಇರೋ ವೇಗದಲ್ಲಿ ಕೇಳುವ ಜನ ಅಲ್ಲ. ಪಾಡ್‌ಕಾಸ್ಟ್ 1.5. ಆಫೀಸಿನ ಕಡ್ಡಾಯ ಟ್ರೈನಿಂಗ್ ವಿಡಿಯೋ 2. ಊರಿಂದ ಅಮ್ಮ ಕಳಿಸಿದ ವಾಯ್ಸ್ ಮೆಸೇಜಿಗೂ ಕೈ ತಾನಾಗೇ 1.5ರ ಮೇಲೆ ಹೋಗುತ್ತೆ. ಔಟರ್ ರಿಂಗ್ ರೋಡಿನಲ್ಲಿ ಒಂದೂವರೆ ಗಂಟೆ ಕ್ಯಾಬಿನಲ್ಲಿ ಕೂತು, ಉಳಿಸಿದ ಹತ್ತು ನಿಮಿಷದ ಲೆಕ್ಕ ಹಾಕಿ ಖುಷಿ ಪಡೋರು ನಾವು.

ಆದರೆ ಅದೇ ಬಟನ್ನಿಗೆ ಇನ್ನೊಂದು ಕಡೆಯೂ ಇದೆ. 0.75, 0.5. ಅದನ್ನ ಯಾರು ಒತ್ತುತ್ತಾರೆ, ಯಾಕೆ ಒತ್ತುತ್ತಾರೆ, ಒತ್ತಿದಾಗ ಅವರಿಗೆ ಏನು ಕೇಳಿಸುತ್ತೆ? ಕೆಲವು ವರ್ಷಗಳಿಂದ ನನ್ನ ತಲೆಯಲ್ಲಿ ಓಡಾಡ್ತಿರೋ ಪ್ರಶ್ನೆ ಇದು. ಇದನ್ನ ತಲೆಗೆ ಹಾಕಿದವಳು ನನ್ನ ಅಕ್ಕ.

ನಮ್ಮೂರು ಚನ್ನಗಿರಿ ತಾಲ್ಲೂಕಿನಲ್ಲಿದೆ, ಸೂಳೆಕೆರೆಯ ಕಡೆ. ಅಡಿಕೆ ತೋಟ, ಗದ್ದೆ, ಕೆರೆ ಗಾಳಿ. ಅಕ್ಕ ಡಿಎಡ್ ಮಾಡಿದಳು, ನಾನು ಬಿಇ ಮಾಡಿದೆ. ನನಗೆ ಬೆಂಗಳೂರು ಸಿಕ್ಕಿತು, ಅವಳಿಗೆ ಜಗಳೂರು ತಾಲ್ಲೂಕಿನ ಒಂದು ಸರ್ಕಾರಿ ಶಾಲೆ. ನಾಲ್ಕು ಮತ್ತು ಐದನೇ ಕ್ಲಾಸಿಗೆ ಕನ್ನಡ ಹೇಳ್ತಾಳೆ. ಅವಳ ಜೊತೆ ಓದಿದ ಮೂವರು ಗೆಳತಿಯರಲ್ಲಿ ಒಬ್ಬರು ಹೊನ್ನಾಳಿ, ಒಬ್ಬರು ನ್ಯಾಮತಿ, ಒಬ್ಬರು ಚನ್ನಗಿರಿ ಕಡೆ. ನಾಲ್ವರಿಗೂ ಸೇರಿ ಒಂದು ವಾಟ್ಸಾಪ್ ಗ್ರೂಪು. ಮೊದಲು ಅದರಲ್ಲಿ ವರ್ಗಾವಣೆ ಕೌನ್ಸೆಲಿಂಗ್ ಸುದ್ದಿ, ಸೀರೆ ಫೋಟೋ ಬಿಟ್ಟರೆ ಬೇರೆ ಏನೂ ಇರ್ತಿರಲಿಲ್ಲ.

ಮ್ಯಾಪಿನಲ್ಲಿ ನೋಡಿದರೆ ನಾಲ್ಕೂ ದಾವಣಗೆರೆ ಜಿಲ್ಲೆ. ಆದರೆ ಈ ಜಿಲ್ಲೆ ಆಗಿದ್ದೇ 1997ರಲ್ಲಿ. ಅಲ್ಲೀತನಕ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕು ಅನ್ನಿಸಿಕೊಂಡಿದ್ದು ಮೊನ್ನೆ ಮೊನ್ನೆ. ಹೊನ್ನಾಳಿಗೆ ತುಂಗಭದ್ರೆ ಇದ್ದಾಳೆ, ಜಗಳೂರಿಗೆ ಮಳೆ ಬಂದರೆ ಬಂತು. ನ್ಯಾಮತಿ ತಾಲ್ಲೂಕಿನಲ್ಲಿ ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಇದೆ, ಸುತ್ತ ಲಂಬಾಣಿ ತಾಂಡಾಗಳಿವೆ. ಚನ್ನಗಿರಿ ಪಟ್ಟಣದ ಕ್ಲಾಸಿನಲ್ಲಿ ಮನೆಯಲ್ಲಿ ಉರ್ದು ಮಾತಾಡೋ ಮಕ್ಕಳು ಸಾಕಷ್ಟು. ಅಂದ್ರೆ ‘ಐದನೇ ತರಗತಿ ಕನ್ನಡ’ ಅನ್ನೋ ಒಂದೇ ಪುಸ್ತಕ ಈ ನಾಲ್ಕು ಕಡೆ ನಾಲ್ಕು ಥರದ ಕಿವಿಗೆ ಬೀಳುತ್ತೆ.

ಪಾಠ ರೆಕಾರ್ಡ್ ಮಾಡೋದು ಶುರುವಾಗಿದ್ದು 2020ರಲ್ಲಿ. ಮಾರ್ಚಿನಲ್ಲಿ ಶಾಲೆ ಮುಚ್ಚಿತು. ಜುಲೈ 20ರಿಂದ ಚಂದನ ವಾಹಿನಿಯಲ್ಲಿ ‘ಸಂವೇದ’ ಬಂತು, ಆದರೆ ಅದು 8ರಿಂದ 10ನೇ ಕ್ಲಾಸಿನವರಿಗೆ. ಚಿಕ್ಕ ಮಕ್ಕಳಿಗೂ ಸೇರಿ ಆಗಸ್ಟಿನಲ್ಲಿ ‘ವಿದ್ಯಾಗಮ’ ಬಂತು. ಮೇಷ್ಟ್ರುಗಳು ಊರೂರಿನ ಗುಡಿ ಕಟ್ಟೆ, ಮರದ ನೆರಳಲ್ಲಿ ಕೂತು ಪಾಠ ಮಾಡಿದರು. ಅಕ್ಟೋಬರಿನಲ್ಲಿ ಅದೂ ನಿಂತಿತು. 1ರಿಂದ 5ನೇ ಕ್ಲಾಸಿನವರಿಗೆ ಶಾಲೆ ಬಾಗಿಲು ತೆರೆದಿದ್ದು 2021ರ ಅಕ್ಟೋಬರ್ 25ಕ್ಕೆ. ಲೆಕ್ಕ ಹಾಕಿ, ಹತ್ತೊಂಬತ್ತು ತಿಂಗಳು. ಎರಡನೇ ಕ್ಲಾಸಿನಲ್ಲಿ ಒತ್ತಕ್ಷರ ಕಲೀತಿದ್ದ ಮಗು ವಾಪಸ್ ಬಂದಾಗ ನಾಲ್ಕನೇ ಕ್ಲಾಸಿನ ಬೆಂಚಿನ ಮೇಲೆ ಕೂತಿತ್ತು.

ಆ ದಿನಗಳಲ್ಲಿ ಅಕ್ಕ ಮೊಬೈಲಿನಲ್ಲಿ ಚಿಕ್ಕ ಚಿಕ್ಕ ಕತೆ ಓದಿ, ಕೊನೆಗೆ ನಾಲ್ಕು ಪ್ರಶ್ನೆ ಕೇಳಿ, ಪೋಷಕರ ಗ್ರೂಪಿಗೆ ಕಳಿಸೋಳು. ಕತೆಯ ಹಾಳೆಯ ಫೋಟೋನೂ ಜೊತೆಗೆ. ಮಗು ಹಾಳೆ ಮೇಲೆ ಬೆರಳಿಟ್ಟುಕೊಂಡು ಕೇಳಬೇಕು, ಕೇಳ್ತಾ ಓದಬೇಕು, ಆಮೇಲೆ ಉತ್ತರ ಹೇಳಬೇಕು. ಶಾಲೆ ತೆರೆದ ಮೇಲೆ ಇದನ್ನೆಲ್ಲ ನಿಲ್ಲಿಸಬಹುದಿತ್ತು. ಅವಳು ನಿಲ್ಲಿಸಲಿಲ್ಲ. ಕಾರಣ ಗುಳೆ.

ಜಗಳೂರು ಸೀಮೆಯಲ್ಲಿ ಡಿಸೆಂಬರ್ ಬಂತಂದ್ರೆ ಎಷ್ಟೋ ಮನೆಗೆ ಬೀಗ ಬೀಳುತ್ತೆ. ಚಿಕ್ಕಮಗಳೂರು ಕಡೆ ಕಾಫಿ ಹಣ್ಣು ಬಿಡಿಸೋಕೆ ಗಂಡ ಹೆಂಡತಿ ಇಬ್ಬರೂ ಹೋಗ್ತಾರೆ. ನೋಡಿಕೊಳ್ಳೋಕೆ ಅಜ್ಜಿ ಇದ್ದರೆ ಮಗು ಊರಲ್ಲಿ ಉಳಿಯುತ್ತೆ, ಇಲ್ಲದಿದ್ದರೆ ಅದೂ ಲೈನ್ ಮನೆಗೆ. ಎರಡು ಮೂರು ತಿಂಗಳು. ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮುಂದೆ ಸಾಲಾಗಿ ಗೈರು. ವಾಪಸ್ ಬರೋ ಹೊತ್ತಿಗೆ ಕ್ಲಾಸು ಆರು ಪಾಠ ಮುಂದೆ. ಆ ಮಗುವಿನ ಜೊತೆ ಹೋಗೋಕೆ ಸಾಧ್ಯ ಇರೋ ಟೀಚರ್ ಅಂದ್ರೆ ಅಪ್ಪನ ಫೋನಿನ ಮೆಮೊರಿ ಕಾರ್ಡಿನಲ್ಲಿರೋ ಆಡಿಯೋ ಫೈಲು ಮಾತ್ರ. ಎಸ್ಟೇಟಿನಲ್ಲಿ ಸಿಗ್ನಲ್ ಇರಲ್ಲ, ವಿಡಿಯೋ ಭಾರ ಜಾಸ್ತಿ. ಮಾತು ಮಾತ್ರ ಆದರೆ, 32 ಕೆಬಿಪಿಎಸ್‌ನಲ್ಲಿ ಉಳಿಸಿದರೆ, ನಿಮಿಷಕ್ಕೆ ಸುಮಾರು 240 ಕೆಬಿ. ಹತ್ತು ನಿಮಿಷದ ಪಾಠ ಎರಡೂವರೆ ಎಂಬಿಯೊಳಗೆ. ನಾವು ಗ್ರೂಪಿಗೆ ಕಳಿಸೋ ಒಂದು ‘ಶುಭೋದಯ’ ವಿಡಿಯೋಗಿಂತ ಹಗುರ.

ಇಲ್ಲಿ ವೇಗದ ಪ್ರಶ್ನೆ ಬಂತು. ‘ಮಕ್ಕಳಿಗೆ ಫಾಸ್ಟ್ ಆಗ್ತಿದೆ’ ಅಂತ ನಾಲ್ಕೂ ಕಡೆಯಿಂದ ದೂರು. ಹೊನ್ನಾಳಿ ಟೀಚರ್ ಅಂದರು, ‘ಪ್ಲೇಯರ್‌ನಲ್ಲೇ ಸ್ಲೋ ಮಾಡೋದು ಐತಲ್ಲ, ಅದನ್ನ ಹೇಳಿಕೊಟ್ಟರಾಯ್ತು.’ ಒಬ್ಬ ಹುಡುಗನ ಕೈಲಿ 0.5 ಒತ್ತಿಸಿ ಕೇಳಿಸಿದರು. ಕತೆಯಲ್ಲಿ ಒಂದು ವಾಕ್ಯ ಹೀಗಿತ್ತು:

‘ಸಂತೆಗೆ ಹೋದ ಅಜ್ಜ ಸೊಸೆಗೆ ಬಳೆ, ಮೊಮ್ಮಗಳಿಗೆ ರಿಬ್ಬನ್ ತಂದು, ತನಗೆ ಬೇಕಾದ ಎಲೆ ಅಡಿಕೆಯನ್ನೇ ಮರೆತು ಬಂದ.’

ಅಜ್ಜ ಸೊಸೆಗೆ ಏನು ತಂದ? ಹುಡುಗ ಹೇಳಿದ, ‘ಬಾಳೆ.’

ಅವನ ತಪ್ಪಲ್ಲ. ಈ ಪ್ಲೇಯರುಗಳು ಧ್ವನಿಯ ಏರಿಳಿತ ಕೆಡದ ಹಾಗೆ ಮಾತನ್ನ ಹಿಗ್ಗಿಸ್ತವೆ. ಹಳೇ ಟೇಪ್ ರೆಕಾರ್ಡರಿನಲ್ಲಿ ಸೆಲ್ ಇಳಿದಾಗ ಹೆಂಗಸಿನ ದನಿ ರಾಕ್ಷಸನ ದನಿ ಆಗ್ತಿತ್ತಲ್ಲ, ಹಾಗಾಗಲ್ಲ. ಆದರೆ ಹಿಗ್ಗೋವಾಗ ಎಲ್ಲವೂ ಒಂದೇ ಸಮ ಹಿಗ್ಗುತ್ತೆ. ಇಂಗ್ಲಿಷಿನವರಿಗೆ ಇದರಿಂದ ದೊಡ್ಡ ತೊಂದರೆ ಆಗಲಿಕ್ಕಿಲ್ಲ. ಕನ್ನಡದಲ್ಲಿ ಸ್ವರದ ಉದ್ದವೇ ಅರ್ಥ. ಬಳೆ ಎಳೆದರೆ ಬಾಳೆ, ಕರು ಎಳೆದರೆ ಕಾರು. ವ್ಯಂಜನ ಎಳೆದರೆ ಕತೆ ಹೋಗಿ ಕತ್ತೆ ಬರುತ್ತೆ. ದೊಡ್ಡವರಾದ ನಮಗೆ ಸುತ್ತಲಿನ ಮಾತು ಗೊತ್ತಿರೋದರಿಂದ ಸರಿ ಮಾಡಿಕೊಂಡು ಕೇಳ್ತೀವಿ. ಹ್ರಸ್ವ, ದೀರ್ಘ, ಒತ್ತಕ್ಷರ ಇನ್ನೂ ಗಟ್ಟಿಯಾಗದ ಮಗು, ಮನೆಯಲ್ಲಿ ಲಂಬಾಣಿಯೋ ಉರ್ದುವೋ ಮಾತಾಡೋ ಮಗು, ಕಿವಿಗೆ ಬಿದ್ದಿದ್ದನ್ನೇ ನಂಬುತ್ತೆ. ಓದು ಕಲಿಸಬೇಕಾದ ಆಡಿಯೋ ಕಾಗುಣಿತ ಕೆಡಿಸುತ್ತೆ.

ಇನ್ನೊಂದು ತೊಂದರೆ ಇದಕ್ಕಿಂತ ಆಳದ್ದು. ಅಕ್ಷರ ಅಕ್ಷರ ಬಿಡಿಸಿ ಓದೋ ಮಗುವನ್ನ ಗಮನಿಸಿ. ‘ಮ...ರೆ...ತು’ ಅನ್ನೋ ಹೊತ್ತಿಗೆ ಅಜ್ಜ ಯಾರು, ಸಂತೆ ಯಾವುದು ಅನ್ನೋದೇ ತಲೆಯಿಂದ ಜಾರಿರುತ್ತೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ. ಹೋಗಿ, ತಂದು, ಮರೆತು ಅಂತ ಸರಪಳಿ ಹಾಗೆ ಬೆಳೆದು, ಕೊನೆಯ ಕೊಂಡಿ ಸಿಕ್ಕಾಗಲೇ ಅಜ್ಜ ಏನು ಮಾಡಿದ ಅನ್ನೋದು ಪೂರ್ತಿ ಆಗೋದು. ಅಲ್ಲೀತನಕ ಎಲ್ಲವನ್ನೂ ಮಗು ತಲೆಯಲ್ಲಿ ಹಿಡಿದಿಟ್ಟುಕೊಂಡಿರಬೇಕು. ಮಾತನ್ನ ಎಳೆದಷ್ಟೂ ಹಿಡಿದಿಡೋ ಹೊತ್ತು ಜಾಸ್ತಿ, ಭಾರವೂ ಜಾಸ್ತಿ. ನಿಧಾನ ಮಾಡಿದರೆ ಸುಲಭ ಆಗುತ್ತೆ ಅಂತ ನಾವು ಅಂದುಕೊಳ್ಳೋದು ಮೇಲ್ನೋಟದ್ದು.

ಹಾಗಾದ್ರೆ ಕ್ಲಾಸಿನಲ್ಲಿ ಅದೇ ಆಡಿಯೋ ಹಾಕಿದಾಗ ಮಕ್ಕಳಿಗೆ ಹೇಗೆ ಅರ್ಥ ಆಗ್ತಿತ್ತು? ಒಂದು ಶನಿವಾರ ರಜೆ ಹಾಕಿ ಜಗಳೂರಿಗೆ ಹೋದಾಗ ಇದನ್ನ ನೋಡಲೆಂದೇ ಅಕ್ಕನ ಕ್ಲಾಸಿನ ಹಿಂದಿನ ಸಾಲಿನಲ್ಲಿ ಕೂತೆ. ಅವಳು ಬ್ಲೂಟೂತ್ ಸ್ಪೀಕರಿಗೆ ಫೋನ್ ಜೋಡಿಸಿ, ಹೆಬ್ಬೆರಳನ್ನ ಪಾಜ್ ಬಟನ್ನಿನ ಮೇಲೆ ಇಟ್ಟುಕೊಂಡು ಮಕ್ಕಳ ಮುಖ ನೋಡ್ತಾ ನಿಂತಿದ್ದಳು. ‘ಸಂತೆಗೆ ಹೋದ ಅಜ್ಜ’, ನಿಲ್ಲಿಸಿದಳು. ಕಿಟಕಿ ಪಕ್ಕದ ಹುಡುಗಿಯ ಬೆರಳು ‘ಅಜ್ಜ’ದ ಮೇಲೆ ಬಂತು. ಬಿಟ್ಟಳು. ‘ಸೊಸೆಗೆ ಬಳೆ’, ನಿಲ್ಲಿಸಿದಳು. ಮಾತಿನ ವೇಗ ಎಲ್ಲೂ ಬದಲಾಗಲಿಲ್ಲ, ಮನೆಯಲ್ಲಿ ಮಾತಾಡೋ ಹಾಗೇ ಇತ್ತು. ಬದಲಾಗ್ತಿದ್ದದ್ದು ಮಾತಿನ ನಡುವಿನ ಖಾಲಿ ಜಾಗ. ಹಳೇ ಕತೆಗೆ ಕಡಿಮೆ, ಹೊಸ ಪದ ಬಂದರೆ ಜಾಸ್ತಿ, ಮಳೆ ಬಂದು ಶೀಟಿನ ಸದ್ದು ಹೆಚ್ಚಾದರೆ ಇನ್ನೂ ಜಾಸ್ತಿ.

ಸಂಜೆ ಬಸ್‌ಸ್ಟ್ಯಾಂಡಿನ ಹೋಟ್ಲಲ್ಲಿ ಮಂಡಕ್ಕಿ ಮಿರ್ಚಿ ತಿನ್ನುವಾಗ ಅಕ್ಕ ಕೇಳಿದಳು: ‘ಅಲ್ಲೋ, ಲೈನ್ ಮನೆಯೊಳಗೆ ನನ್ನ ಹೆಬ್ಬೆಟ್ಟು ಇರಲ್ಲಲ್ಲ. ಅದನ್ನ ಫೈಲಿನೊಳಗೆ ಹಾಕೋಕೆ ಬರುತ್ತೇನೋ?’

ಹತ್ತು ವರ್ಷದ ಕೆಲಸದಲ್ಲಿ ಇಷ್ಟು ಸ್ಪಷ್ಟವಾದ ರಿಕ್ವೈರ್‌ಮೆಂಟ್ ನನಗೆ ಯಾವ ಕ್ಲೈಂಟೂ ಕೊಟ್ಟಿಲ್ಲ.

ಇದು ಹೊಸ ಯೋಚನೆ ಏನಲ್ಲ. 1970ರ ದಶಕದಲ್ಲಿ ಅಮೆರಿಕದ ಮೇರಿ ಬಡ್ ರೋ ಅನ್ನೋ ಶಿಕ್ಷಣ ಸಂಶೋಧಕಿ ತರಗತಿಗಳ ಟೇಪುಗಳನ್ನ ಕೇಳಿ ಅಳೆದರು. ಟೀಚರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾಯೋದು ಸರಾಸರಿ ಒಂದು ಸೆಕೆಂಡ್ ಮಾತ್ರ. ಅಷ್ಟರಲ್ಲಿ ಉತ್ತರ ಬರದಿದ್ದರೆ ಇನ್ನೊಬ್ಬರನ್ನ ಕೇಳ್ತಾರೆ, ಇಲ್ಲವೇ ತಾವೇ ಹೇಳಿಬಿಡ್ತಾರೆ. ಅದನ್ನ ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ಬಿಟ್ಟರು. ಅದೇ ದಶಕದಲ್ಲಿ, 1974ರ ಹೊತ್ತಿಗೆ, ನಿಕರಾಗುವಾ ದೇಶದಲ್ಲಿ ಸ್ಟ್ಯಾನ್‌ಫರ್ಡಿನವರು ರೇಡಿಯೋ ಮೂಲಕ ಗಣಿತ ಕಲಿಸೋ ಪ್ರಯೋಗ ಮಾಡಿದರು. ಅದರ ಗುಟ್ಟು ಸ್ಕ್ರಿಪ್ಟಿನಲ್ಲೇ ಬರೆದಿದ್ದ ಮೌನ. ರೇಡಿಯೋ ಪ್ರಶ್ನೆ ಕೇಳುತ್ತೆ, ಸುಮ್ಮನಾಗುತ್ತೆ, ಮಕ್ಕಳು ಜೋರಾಗಿ ಉತ್ತರ ಹೇಳ್ತಾರೆ, ಆಮೇಲೆ ರೇಡಿಯೋ ಸರಿಯುತ್ತರ ಹೇಳುತ್ತೆ. ಆ ಮಾದರಿ ಎಷ್ಟೋ ದೇಶ ಸುತ್ತಿ ಕರ್ನಾಟಕಕ್ಕೂ ಬಂತು. ಆಕಾಶವಾಣಿಯ ‘ಚಿಣ್ಣರ ಚುಕ್ಕಿ’, ‘ಕೇಳಿ ಕಲಿ’ ಕಾರ್ಯಕ್ರಮ ಕೇಳಿದ ಸರ್ಕಾರಿ ಶಾಲೆಯ ಹಳೇ ವಿದ್ಯಾರ್ಥಿಗಳು ನಿಮ್ಮ ಆಫೀಸಿನಲ್ಲೂ ಒಬ್ಬಿಬ್ಬರು ಇರಬಹುದು, ವಿಚಾರಿಸಿ.

ಇನ್ನೂ ಹಿಂದಕ್ಕೆ ಹೋದರೆ ಇದು ನಮ್ಮ ಮನೆಯದೇ ವಿದ್ಯೆ. ಶಿವಮೊಗ್ಗದ ಹತ್ತಿರ ತುಂಗೆಯ ದಂಡೆಯಲ್ಲಿರೋ ಮತ್ತೂರು ಮತ್ತು ಹೊಸಹಳ್ಳಿ ಅವಳಿ ಊರುಗಳು. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕದಲ್ಲಿ ಒಬ್ಬರು ಕಾವ್ಯ ವಾಚನ ಮಾಡ್ತಾರೆ, ಪದ್ಯ ಮುಗಿಸಿ ನಿಲ್ಲಿಸ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡ್ತಾರೆ. ಕೇಳೋರಿಗೆ ದಕ್ಕಿತು ಅಂತ ಗೊತ್ತಾದ ಮೇಲೆ ಮುಂದಿನ ಪದ್ಯ. ನಮ್ಮೂರ ಗುಡಿಯಲ್ಲಿ ಶ್ರಾವಣದಲ್ಲಿ ನಡೀತಿದ್ದ ಪುರಾಣವೂ ಹಾಗೇ. ಅಕ್ಷರ ಬಾರದ ನಮ್ಮ ಅಜ್ಜಿ ಅಲ್ಲಿ ಕೂತು ಹಳಗನ್ನಡದ ಮಾತುಗಳನ್ನ ಅರ್ಥ ಮಾಡಿಕೊಂಡು ಬಂದು ಮನೆಯಲ್ಲಿ ನಮಗೆ ಹೇಳೋಳು. ಅಲ್ಲಿ ಯಾರೂ ಕಾವ್ಯವನ್ನ 0.5ರಲ್ಲಿ ಓದ್ತಿರಲಿಲ್ಲ.

ಕೆಲಸಕ್ಕೆ ಬರೋಣ. ಮೌನವನ್ನ ಎಲ್ಲಿ ಹಾಕಬೇಕು ಅನ್ನೋದು ಮೊದಲ ಪ್ರಶ್ನೆ. ರೆಕಾರ್ಡಿಂಗಿನಲ್ಲಿ ಸದ್ದು ಎಲ್ಲಿ ಇಳಿಯುತ್ತೆ ಅಂತ ಹುಡುಕೋ ಪ್ರೋಗ್ರಾಂಗಳು ಬೇಕಾದಷ್ಟಿವೆ. ಎಫ್‌ಎಫ್‌ಎಂಪೆಗ್‌ನಲ್ಲಿ ಒಂದು ಸಾಲಿನ ಕೆಲಸ. ಆದರೆ ಅದು ತೋರಿಸೋದು ಓದುವವರು ಉಸಿರು ತೆಗೆದುಕೊಂಡ ಜಾಗ. ಉಸಿರು ನಿಲ್ಲೋ ಜಾಗ, ಅರ್ಥ ನಿಲ್ಲೋ ಜಾಗ ಯಾವಾಗಲೂ ಒಂದೇ ಆಗಿರಲ್ಲ. ಅದಕ್ಕೇ ಶುರುವಿನಿಂದಲೂ ನಮ್ಮ ಒಪ್ಪಂದ ಹೀಗಿತ್ತು: ಕತೆಯ ಹಾಳೆ ಮೇಲೆ ಅಕ್ಕ ಕೆಂಪು ಪೆನ್ನಿನಲ್ಲಿ ಗೆರೆ ಹಾಕೋದು. ಒಂದು ಗೆರೆ ಅಂದ್ರೆ ಅರ್ಥದ ತುಂಡು ಮುಗೀತು. ಎರಡು ಗೆರೆ ಅಂದ್ರೆ ವಾಕ್ಯ ಮುಗೀತು. ಸುತ್ತು ಹಾಕಿದರೆ ಪ್ರಶ್ನೆ. ಓದುವಾಗ ಗೆರೆ ಬಂದ ಕಡೆ ಚೂರು ನಿಲ್ಲಿಸಿ ಓದೋದು. ನನ್ನ ಪ್ರೋಗ್ರಾಂ ಆ ಚೂರು ಜಾಗಗಳನ್ನ ಹುಡುಕಿ, ಹಾಳೆಯ ಗೆರೆ ಲೆಕ್ಕಕ್ಕೆ ತಾಳೆ ನೋಡಿ, ಬೇಕಾದಷ್ಟು ಮೌನ ಸೇರಿಸೋದು. ಪಾಡ್‌ಕಾಸ್ಟ್ ಮಾಡೋ ಗೆಳೆಯರು ಮೌನ ಕತ್ತರಿಸೋಕೆ ಬಳಸೋ ಸಾಮಾನನ್ನೇ ನಾವು ತಿರುಗಾಮುರುಗಾ ಬಳಸಿದೆವು.

ಎಷ್ಟು ಹೊತ್ತು? ನಾಲ್ವರು ಟೀಚರುಗಳು ತಮ್ಮ ತಮ್ಮ ಕ್ಲಾಸಿನಲ್ಲಿ ಹೆಬ್ಬೆಟ್ಟಿನಿಂದ ನಿಲ್ಲಿಸಿ ನೋಡಿ ಬರೆದುಕೊಂಡ ಲೆಕ್ಕವೇ ನಮ್ಮ ಆಧಾರ. ಅರ್ಥದ ತುಂಡಿಗೆ ಒಂದು ಸೆಕೆಂಡ್, ವಾಕ್ಯಕ್ಕೆ ಮೂರು ಸೆಕೆಂಡ್. ಹಾಳೆಯಲ್ಲೇ ಉತ್ತರ ಇರೋ ಪ್ರಶ್ನೆಗೆ ಐದು. ಹಾಳೆಯಲ್ಲಿ ಉತ್ತರ ಬರೆದಿಲ್ಲದ, ಯೋಚನೆ ಮಾಡಿ ಹೇಳಬೇಕಾದ ಪ್ರಶ್ನೆಗೆ ಎಂಟು. ‘ಅಜ್ಜ ಏನು ಮರೆತ?’ ಅನ್ನೋದು ಐದು ಸೆಕೆಂಡಿನ ಪ್ರಶ್ನೆ. ‘ಅಜ್ಜ ಎಂಥವನು?’ ಅನ್ನೋದು ಎಂಟು ಸೆಕೆಂಡಿನದು.

ಎಂಟು ಸೆಕೆಂಡ್ ಎಷ್ಟು ಉದ್ದ ಅಂತ ಗೊತ್ತಾಗಬೇಕಂದ್ರೆ ನಿಮ್ಮ ಮುಂದಿನ ಮೀಟಿಂಗಿನಲ್ಲಿ ಪ್ರಶ್ನೆ ಕೇಳಿ ಸುಮ್ಮನಿದ್ದು ನೋಡಿ. ಮೂರನೇ ಸೆಕೆಂಡಿಗೆ ಯಾರಾದರೂ ‘ಹಲೋ, ಆರ್ ಯೂ ದೇರ್, ಮ್ಯೂಟ್ ಆಗಿದೆಯಾ’ ಅಂತಾರೆ. ಲೈನ್ ಮನೆಯ ಮಗುವಿಗೂ ಅದೇ ಅನುಮಾನ. ಫೋನ್ ಆಫ್ ಆಯ್ತು ಅಂತ ಅಪ್ಪನ ಹತ್ತಿರ ಓಡುತ್ತೆ. ಅದಕ್ಕೆ ನ್ಯಾಮತಿ ಟೀಚರ್ ಪರಿಹಾರ ಹೇಳಿದರು: ಮೌನದ ಹಿಂದೆ ಮೆಲ್ಲಗೆ ಬೆರಳಲ್ಲಿ ಮೇಜು ತಟ್ಟೋ ಸದ್ದು. ಟಕ್, ಟಕ್, ಟಕ್. ಸದ್ದು ಬರ್ತಿದೆ ಅಂದ್ರೆ ಮೇಡಂ ಕಾಯ್ತಿದ್ದಾರೆ ಅಂತ ಅರ್ಥ. ಇದನ್ನ ಯಾವ ಯುಎಕ್ಸ್ ಡಿಸೈನರೂ ಸುಧಾರಿಸೋಕೆ ಆಗಲ್ಲ ಅಂತ ನನ್ನ ಅಭಿಪ್ರಾಯ.

ಆಮೇಲೆ ಹೆಸರಿನ ಜಗಳ. ನಾನು ಇಂಜಿನಿಯರ್ ಬುದ್ಧಿಯಿಂದ ಫೈಲುಗಳಿಗೆ ಸ್ಲೋ, ಮೀಡಿಯಂ, ನಾರ್ಮಲ್ ಅಂತ ಹೆಸರಿಡೋಣ ಅಂದೆ. ಅಕ್ಕ ಒಪ್ಪಲೇ ಇಲ್ಲ. ‘ನಿಧಾನ ಕಲಿಕೆಯ ಮಕ್ಕಳು ಅಂತ ಪಟ್ಟಿ ಮಾಡಿ ಕಳಿಸಿ ಅಂತಾರೆ, ಮಾಡಿ ಕಳಿಸ್ತೀವಿ. ಆ ಪಟ್ಟಿ ಮಕ್ಕಳಿಗೆ ಗೊತ್ತಾಗಲ್ಲ ಅನ್ಕೊಂಡಿಯಾ? ಎಲ್ಲ ಗೊತ್ತಾಗುತ್ತೆ ಅವಕ್ಕೆ. ಸ್ಲೋ ಅಂತ ಬರೆದ ಫೈಲನ್ನ ಯಾವ ಮಗುವೂ ನಾಲ್ಕು ಜನರ ಮುಂದೆ ಒತ್ತಲ್ಲ.’ ಕೊನೆಗೆ ಒಂದನೇ ಸುತ್ತು, ಎರಡನೇ ಸುತ್ತು, ಮೂರನೇ ಸುತ್ತು ಅಂತಾಯಿತು. ಎಲ್ಲ ಮಕ್ಕಳೂ ಮೂರೂ ಸುತ್ತು ಕೇಳಬೇಕು. ಒಂದನೇ ಸುತ್ತಿನಲ್ಲಿ ಪೂರ್ತಿ ಮೌನಗಳು. ಎರಡನೆಯದರಲ್ಲಿ ವಾಕ್ಯದ ಕೊನೆಗೆ ಮಾತ್ರ. ಮೂರನೆಯದರಲ್ಲಿ ಅಕ್ಕನ ದನಿ ನಡುನಡುವೆ ಮಾಯ. ಒಂದು ವಾಕ್ಯ ಅವಳು ಓದ್ತಾಳೆ, ಮುಂದಿನ ವಾಕ್ಯದ ಹೊತ್ತಿಗೆ ಟಕ್ ಟಕ್ ಮಾತ್ರ, ಅದನ್ನ ಮಗು ಓದಬೇಕು. ವೇಗ ಇಳಿಸೋದು ಇಳಿಸಿದಲ್ಲೇ ನಿಲ್ಲೋಕಲ್ಲ. ಕೊನೆಗೆ ಮಗು ನಮ್ಮನ್ನ ಬಿಟ್ಟು ತಾನೇ ಓದಬೇಕಲ್ಲ.

ಈ ಸುತ್ತಿನ ಯೋಚನೆಗೆ ‘ನಲಿ ಕಲಿ’ಯ ಋಣ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂದ ಪದ್ಧತಿ ಅದು. ಒಂದರಿಂದ ಮೂರನೇ ಕ್ಲಾಸಿನತನಕ ಕಲಿಕಾ ಏಣಿ, ಮೈಲಿಗಲ್ಲು, ಕಾರ್ಡು. ಪ್ರತಿ ಮಗುವೂ ತಾನಿರೋ ಮೆಟ್ಟಿಲಿನಿಂದ ಹತ್ತುತ್ತೆ. ಆದರೆ ನಾಲ್ಕನೇ ಕ್ಲಾಸಿಗೆ ಕಾಲಿಟ್ಟ ದಿನ ಏಣಿ ತೆಗೆದುಬಿಡ್ತೀವಿ. ಎಲ್ಲರಿಗೂ ಒಂದೇ ದಿನ ಒಂದೇ ಪುಟ. ಹತ್ತೊಂಬತ್ತು ತಿಂಗಳು ಮನೆಯಲ್ಲಿ ಕೂತಿದ್ದ ಮಕ್ಕಳು, ಪ್ರತಿ ವರ್ಷ ಮೂರು ತಿಂಗಳು ಗುಳೆ ಹೋಗೋ ಮಕ್ಕಳು ಬಿದ್ದಿದ್ದು ಅಲ್ಲೇ.

ಬಿದ್ದವರಲ್ಲಿ ಒಬ್ಬಳ ವಿಷಯ ಹೇಳ್ತೀನಿ, ಹೆಸರು ಬೇಡ. ತಾಂಡಾದ ಹುಡುಗಿ, ಐದನೇ ಕ್ಲಾಸು. ಶಾಲೆಯಲ್ಲಿ ಪ್ರಶ್ನೆ ಕೇಳಿದರೆ ತಲೆ ತಗ್ಗಿಸಿ ನಿಲ್ಲೋಳು. ಪಕ್ಕದ ಮಕ್ಕಳು ‘ಅವಳಿಗೆ ಬರಲ್ಲ ಮೇಡಂ’ ಅಂತ ಅವಳ ಪರವಾಗಿ ಉತ್ತರ ಕೊಡೋರು. ಅವಳಿಗೂ ಅದೇ ಅಭ್ಯಾಸ ಆಗಿತ್ತು. ಆ ವರ್ಷ ಅವಳ ಅಪ್ಪ ಅಮ್ಮನ ಜೊತೆ ಎಸ್ಟೇಟಿಗೆ ಹೊರಟಾಗ ಅಕ್ಕ ಮೆಮೊರಿ ಕಾರ್ಡಿಗೆ ಹನ್ನೆರಡು ಕತೆ ಹಾಕಿ, ಹಾಳೆಗಳನ್ನ ಪಿನ್ ಮಾಡಿ ಕೊಟ್ಟಳು. ಭಾನುವಾರ ಸಂತೆಗೆ ಬಂದಾಗ ಸಿಗ್ನಲ್ ಸಿಗುತ್ತೆ, ಆಗ ಉತ್ತರ ವಾಯ್ಸ್ ಮೆಸೇಜ್ ಮಾಡು ಅಂತ ಹೇಳಿದಳು.

ಮೂರು ವಾರ ಏನೂ ಬರಲಿಲ್ಲ. ನಾಲ್ಕನೇ ಭಾನುವಾರ ಒಂದು ಮೆಸೇಜ್ ಬಂತು. ಅಕ್ಕ ನನಗೂ ಕಳಿಸಿದಳು. ಹಿಂದೆ ಜೀಪಿನ ಹಾರನ್ನು, ಯಾರೋ ಈರುಳ್ಳಿ ಕೂಗ್ತಿರೋ ಸದ್ದು. ಮೊದಲು ಪ್ರಶ್ನೆಯನ್ನ ತಾನೇ ಹೇಳಿದಳು, ಅಕ್ಕನ ಧಾಟಿಯಲ್ಲೇ: ‘ಅಜ್ಜ ಎಂಥವನು?’ ಆಮೇಲೆ ಸುಮ್ಮನಾದಳು. ನಾನು ಸೆಕೆಂಡ್ ಎಣಿಸಿದೆ, ಒಂಬತ್ತು. ಆಮೇಲೆ ಹೇಳಿದಳು: ‘ಅಜ್ಜಗೆ ಮನೆಯವ್ರ ಮ್ಯಾಲೆ ಜೀವ. ಅದ್ಕೇ ತಂದು ಮರ್ತ.’

ಪಠ್ಯದ ಕೊನೆಗೆ ಇಂಥ ಪ್ರಶ್ನೆಗೆ ಮಾದರಿ ಉತ್ತರ ಅಂತ ಕೊಡ್ತಾರಲ್ಲ, ‘ಅಜ್ಜನು ಪ್ರೀತಿಯುಳ್ಳವನಾಗಿದ್ದನು’ ಅಂತ ಇರುತ್ತೆ. ಅದನ್ನ ಬಾಯಿಪಾಠ ಮಾಡಿ ಹೇಳೋಕೆ ಒಂದು ಸೆಕೆಂಡ್ ಸಾಕು. ಮರೆವಿಗೂ ಪ್ರೀತಿಗೂ ಗಂಟು ಹಾಕೋಕೆ ಒಂಬತ್ತು ಸೆಕೆಂಡ್ ಬೇಕಾಯ್ತು. ಆ ಒಂಬತ್ತು ಸೆಕೆಂಡನ್ನ ಕ್ಲಾಸಿನಲ್ಲಿ ಅವಳಿಗೆ ಯಾರೂ ಕೊಟ್ಟಿರಲಿಲ್ಲ. ನಲವತ್ತು ನಿಮಿಷದ ಪೀರಿಯಡ್ಡು, ಮೂವತ್ತು ಮಕ್ಕಳು, ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಎಲ್ಲದರ ನಡುವೆ ಯಾವ ಟೀಚರಿಗೂ ಅದು ಸುಲಭ ಅಲ್ಲ. ಮೆಷಿನ್ನಿಗೆ ಮಾತ್ರ ಅವಸರ ಇರಲ್ಲ, ನಾವು ಹೇಳಿಕೊಟ್ಟರೆ.

ಇದು ಎಲ್ಲಕ್ಕೂ ಮದ್ದು ಅಂತ ನಾನು ಹೇಳಲ್ಲ. ಅಕ್ಷರವೇ ಬಾರದ ಮಗುವಿಗೆ ಎಷ್ಟು ಮೌನ ಕೊಟ್ಟರೂ ಹಾಳೆ ಕಪ್ಪು ಗೆರೆಗಳೇ. ಅದಕ್ಕೆ ಪಕ್ಕದಲ್ಲಿ ಕೂತು ಕೈ ಹಿಡಿದು ತಿದ್ದಿಸೋರು ಬೇಕು. ಪದ ಗೊತ್ತಿಲ್ಲದಿದ್ದರೂ ಮೌನ ಕೆಲಸ ಮಾಡಲ್ಲ. ‘ಸೊಸೆ’ ಅಂದ್ರೆ ಯಾರು ಅಂತ ತಾಂಡಾದ ಪುಟ್ಟ ಮಗುವಿಗೆ ಮೊದಲೇ ಅದರ ಮಾತಲ್ಲಿ ಹೇಳಬೇಕು. ನ್ಯಾಮತಿ ಟೀಚರ್ ಈಗ ಕತೆಗೆ ಮುಂಚೆ ನಾಲ್ಕು ಪದಗಳಿಗೆ ಲಂಬಾಣಿಯಲ್ಲಿ ಅರ್ಥ ಹೇಳಿಸಿ ಸೇರಿಸ್ತಾರೆ, ಹೇಳೋದು ಅದೇ ತಾಂಡಾದ ಪಿಯುಸಿ ಓದೋ ಹುಡುಗಿ. ಚನ್ನಗಿರಿಯಲ್ಲಿ ಅದೇ ಜಾಗದಲ್ಲಿ ಉರ್ದು ಬರುತ್ತೆ. ‘ಹೀಗೆ ಒಂದೊಂದು ಕತೆಗೆ ವಾರ ತಗೊಂಡ್ರೆ ಪೋರ್ಷನ್ ಮುಗಿಯುತ್ತೇನ್ರೀ?’ ಅಂತ ಕೇಳೋರು ಇದ್ದೇ ಇದ್ದಾರೆ. ಅವರ ಕಷ್ಟವೂ ಸುಳ್ಳಲ್ಲ, ಪರೀಕ್ಷೆ ತಾರೀಕು ಯಾರಿಗೂ ಕಾಯಲ್ಲ. ಅಕ್ಕ ಕೊಡೋ ಉತ್ತರ ಒಂದೇ: ‘ಪೋರ್ಷನ್ ನಂದು ಮುಗೀತದೆ ಸಾರ್, ಮಕ್ಕಳದು ಮುಗೀಬೇಕಲ್ಲ.’

ಇದನ್ನ ಓದ್ತಿರೋ ನಿಮ್ಮಲ್ಲಿ ಅರ್ಧ ಜನರ ಮನೆಯಲ್ಲಾದರೂ ಒಬ್ಬರು ಟೀಚರ್ ಇರ್ತಾರೆ. ಅಕ್ಕನೋ, ಅತ್ತಿಗೆಯೋ, ರಿಟೈರ್ ಆದ ಅಪ್ಪನೋ. ಅವರು ಪಾಠ ರೆಕಾರ್ಡ್ ಮಾಡ್ತಿದ್ದರೆ ನೀವು ಕೋಡ್ ಬರೆಯೋದೂ ಬೇಡ. ಆಡಾಸಿಟಿ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ. ಫೈಲ್ ತೆರೆದು, ಅವರನ್ನ ಪಕ್ಕದಲ್ಲಿ ಕೂರಿಸಿಕೊಂಡು, ಅವರು ‘ಇಲ್ಲಿ ನಿಲ್ಸು’ ಅಂದ ಕಡೆ ಕರ್ಸರ್ ಇಟ್ಟು ಮೌನ ಸೇರಿಸಿ. ಎರಡು ನಿಮಿಷದ ಕತೆ ನಾಲ್ಕು ನಿಮಿಷ ಆಗುತ್ತೆ. ಮಾತು ಅಷ್ಟೇ ಇರುತ್ತೆ. ನಿಮಗೆ ಅರ್ಧ ಗಂಟೆ ಹಿಡಿಯಬಹುದು, ಜೊತೆಗೆ ಅವರ ಕ್ಲಾಸಿನ ಇಪ್ಪತ್ತು ಮಕ್ಕಳ ಕತೆಯನ್ನೂ ಕೇಳಬೇಕಾಗುತ್ತೆ. ಅದನ್ನ ಮಾತ್ರ ಫಾರ್ವರ್ಡ್ ಮಾಡೋಕೆ ಬಟನ್ ಇಲ್ಲ.

ಈ ಡಿಸೆಂಬರಿಗೆ ನಾಲ್ಕು ತಾಲ್ಲೂಕಿನ ನಾಲ್ಕು ಶಾಲೆಗೆ ಸೇರಿ ನಲವತ್ತು ಮೆಮೊರಿ ಕಾರ್ಡ್ ಬೇಕು ಅಂತ ಅಕ್ಕ ಪಟ್ಟಿ ಕಳಿಸಿದ್ದಾಳೆ. ಪಟ್ಟಿಯ ಕೊನೆಗೆ ಒಂದು ಸಾಲು ಇದೆ: ‘ಆ ಹುಡುಗಿ ಆರನೇ ಕ್ಲಾಸಿಗೆ ಬಂದಿದಾಳೆ, ಉದ್ದದ ಕತೆ ಬೇಕಂತೆ. ಹುಡುಕು.’